ಹಾಜಿಮಲಂಗನ ನಲವತ್ತನೆಯ ದೀಪ

ಶಹಾಬಾದಿನ ಕಲ್ಲು ಪಾಲಿಶ್ ಮಾಡುವ ಮಷೀನಿನ ಮುಂದೆ ಇಪ್ಪತ್ತಾರು ವರ್ಷ ನಿಂತ ಮನುಷ್ಯನಿಗೆ ದೇವರು ಎರಡು ವರ ಕೊಟ್ಟಿರುತ್ತಾನೆ. ಒಂದು, ಎಂಥ ಗದ್ದಲದಲ್ಲೂ ಕುಂತಲ್ಲೇ ನಿದ್ದೆ ಹೋಗುವ ಶಕ್ತಿ. ಇನ್ನೊಂದು, ಕುದಿಯುವ ಚಹಾದ ಗ್ಲಾಸುಗಳನ್ನು ಬರಿಗೈಯಲ್ಲಿ ಹಿಡಿದು ಓಣಿಗೆಲ್ಲ ಹಂಚುವ ಶಕ್ತಿ. ಮಷೀನಿನ ನಡುಕ ದಿನಾ ಅಂಗೈಗೆ ಏರಿ ಏರಿ, ಬೆರಳ ತುದಿಗಳು ಒಂದು ದಿನ ಹೇಳದೆ ಕೇಳದೆ ಕೆಲಸ ಬಿಟ್ಟು ಹೋಗಿರುತ್ತವೆ. ಹಾಜಿಮಲಂಗನಿಗೆ ಎರಡೂ ವರ ಸಿಕ್ಕಿದ್ದವು. ಎರಡರ ಬಗ್ಗೆಯೂ ಅವನಿಗೆ ತಕರಾರಿರಲಿಲ್ಲ, ಆ ಗೇಮಿನ ಡಬ್ಬಿ ಮನೆಗೆ ಬರುವ ತನಕ.

ಡಬ್ಬಿ ತಂದವಳು ಮಗಳು ಹುಸ್ನಾ. ಟ್ಯೂಶನ್ ಹೇಳಿ ಕೂಡಿಸಿದ ದುಡ್ಡಿನಲ್ಲಿ ಯಾರೋ ಆಡಿ ಬಿಟ್ಟ ಡಬ್ಬಿಯನ್ನು ಕಲಬುರಗಿಯಿಂದ ತಂದು ಟಿವಿಗೆ ಜೋಡಿಸಿದ್ದಳು. ಅದರ ಜೊತೆಗೆ ಬಂದದ್ದು ಒಂದೇ ಆಟ. ಒಬ್ಬ ಕುದುರೆ ಸವಾರ, ಒಂದು ದೊಡ್ಡ ನದಿ, ನದಿಯ ದಂಡೆಗೆ ಅರ್ಧ ಮುಳುಗಿದ ಒಂದು ಹಳೆಯ ಪಟ್ಟಣ. ಸವಾರ ಕತ್ತಿ ಬೀಸಬೇಕು, ಕೋಟೆ ಹತ್ತಬೇಕು, ಕಳ್ಳರನ್ನು ಕೆಡವಬೇಕು. ಒಂದೊಂದು ಸಾಹಸಕ್ಕೆ ಒಂದೊಂದು ಟ್ರೋಫಿ. ಒಟ್ಟು ಐವತ್ತೊಂದು.

ಮೊದಲ ದಿನ ಹಾಜಿಮಲಂಗ ಸವಾರನನ್ನು ನದಿಯ ದಂಡೆಗೆ ತಂದು ನಿಲ್ಲಿಸಿದ. ನೀರು ಹರಿಯುತ್ತಿತ್ತು. ಕುದುರೆ ಹುಲ್ಲು ಮೇಯುತ್ತಿತ್ತು. ಧೂಳಿರಲಿಲ್ಲ. 'ಮಲಂಗ್ಯಾ, ಲೋಡ್ ಬಂದದ ನೋಡು' ಎಂದು ಯಾರೂ ಕೂಗಲಿಲ್ಲ. ಹೀಗೇ ಮುಕ್ಕಾಲು ತಾಸು ಹೋಯಿತು.

"ಅಬ್ಬಾ, ಆಡು," ಎಂದಳು ಹುಸ್ನಾ.

"ಆಡ್ಲಾಕತ್ತೀನಲ್ಲ," ಎಂದ ಹಾಜಿಮಲಂಗ.

ಹನ್ನೊಂದು ತಿಂಗಳಲ್ಲಿ ಅಪ್ಪ ಮಗಳು ಸೇರಿ ಐವತ್ತು ಟ್ರೋಫಿ ಗೆದ್ದರು. ಉಳಿದದ್ದು ಒಂದು. ಆ ಪಟ್ಟಣದಲ್ಲಿ ಯಾವನೋ ಪುಣ್ಯಾತ್ಮ ನಲವತ್ತು ದೀಪ ಹೂತಿಟ್ಟಿದ್ದ. ಅವು ಕಣ್ಣಿಗೆ ಕಾಣುವುದಿಲ್ಲ. ಹತ್ತಿರ ಹೋದರೆ ಕೈಯಲ್ಲಿನ ರಿಮೋಟು ಸಣ್ಣಗೆ ನಡುಗುತ್ತದೆ, ಅಲ್ಲಿ ಅಗೆಯಬೇಕು. ಮೂವತ್ತೊಂಬತ್ತು ದೀಪ ಹುಸ್ನಾಳ ಬೆರಳಿಗೆ ಸಿಕ್ಕಿದ್ದವು. ನಲವತ್ತನೆಯದನ್ನು ಆಟ ಒಬ್ಬೊಬ್ಬರಿಗೆ ಒಂದೊಂದು ಜಾಗದಲ್ಲಿ ಹೂಳುತ್ತಿತ್ತು. ಹೀಗಾಗಿ ಫೋನಿನಲ್ಲಿ ಹುಡುಕಿ ನೋಡಿದರೂ ಉಪಯೋಗವಿರಲಿಲ್ಲ. ಇರಲಿ, ಯಾವತ್ತಾದರೂ ಸಿಕ್ಕೀತು ಎಂದು ಇಬ್ಬರೂ ನಿಶ್ಚಿಂತರಾಗಿದ್ದರು. ಆ ನಿಶ್ಚಿಂತೆ ಸೇಡಮಿನಲ್ಲಿ ಮುಗಿಯಿತು.

ಸೇಡಮಿನಿಂದ ಹುಸ್ನಾಳಿಗೆ ಒಂದು ಸಂಬಂಧ ಬಂದಿತ್ತು. ಹುಡುಗ ತಾರೀಕ. ಹುಸ್ನಾ ಫೋನಿನಲ್ಲಿ ಎರಡು ಸಲ ಮಾತಾಡಿ, "ಮಾತ ಕಮ್ಮಿ ಆಡ್ತಾನ, ಛಲೋ ಅದಾನ," ಎಂದಿದ್ದಳು. ಮನೆ ನೋಡಿ ಬರಲು ಹಾಜಿಮಲಂಗನೂ ಹೆಂಡತಿ ಜೈತುನ್‌ಬೀಯೂ ವಾಡಿಯಲ್ಲಿ ಗಾಡಿ ಬದಲಿಸಿ ಸೇಡಮಿಗೆ ಹೋದರು. ಹುಡುಗನ ತಂದೆ ಮತೀನ ಸಾಹೇಬರಿಗೆ ಟೈಲ್ಸ್ ಅಂಗಡಿ. ಕಲ್ಲಿನವನಿಗೂ ಟೈಲ್ಸಿನವನಿಗೂ ಬೀಗತನ ಎಂದರೆ ಬೆಕ್ಕಿಗೂ ಇಲಿಗೂ ಒಂದೇ ತಾಟಿನಲ್ಲಿ ಊಟ ಹಾಕಿದಂತೆ. ಆದರೂ ಹಾಜಿಮಲಂಗ ಮಗಳ ಸಲುವಾಗಿ ಬಾಯಿ ಕಟ್ಟಿಕೊಂಡು ಕೂತ.

"ಕಲ್ಲಿನ ಜಮಾನಾ ಮುಗೀತು ನೋಡ್ರಿ," ಎಂದರು ಮತೀನ ಸಾಹೇಬರು. "ಈಗೆಲ್ಲಾ ಟೈಲ್ಸು. ನೀರ ಚೆಲ್ಲಿದ್ರ ಮಾರಿ ಕಾಣಸ್ತದ."

"ಜಾರಿ ಬಿದ್ರ ಹಲ್ಲೂ ಕಾಣಸ್ತಾವ," ಎನ್ನಬೇಕೆಂದಿದ್ದ ಹಾಜಿಮಲಂಗ, ಅದನ್ನು ಬಿಸ್ಕೀಟಿನ ಜೊತೆ ನುಂಗಿದ.

ಆಮೇಲೆ ಮತೀನ ಸಾಹೇಬರು ಟಿವಿಯ ಕೆಳಗೆ ಬೆರಳು ತೋರಿಸಿದರು. ಅಲ್ಲಿ ಅದೇ ಡಬ್ಬಿ, ಅದೇ ಆಟ. "ನಮ್ಮ ತಾರೀಕ ಐವತ್ತೊಂದು ಟ್ರೋಫಿಯೊಳಗ ಐವತ್ತ ತಗೊಂಡಾನ್ರಿ. ಇಡೀ ಸೇಡಂ ತಾಲ್ಲೂಕದಾಗ ಹಂಥಾಂವ ಇನ್ನೊಬ್ಬ ಇಲ್ಲ."

ಟೈಲ್ಸನ್ನು ನುಂಗಿದ ಹಾಜಿಮಲಂಗನಿಗೆ ಇದನ್ನು ನುಂಗಲಾಗಲಿಲ್ಲ.

"ನಮ್ಮ ಮನ್ಯಾಗ ಐವತ್ತೊಂದೂ ಆಗ್ಯಾವ್ರಿ," ಎಂದ.

ತಾರೀಕನ ಕೈಯಲ್ಲಿದ್ದ ಚಹಾದ ಕಪ್ಪು-ಬಸಿ ಕಟಕಟ ಎಂದಿತು. ಮತೀನ ಸಾಹೇಬರು ಮಾತ್ರ ಹಿಗ್ಗಿದರು. "ಹೌದ್ರೀ? ಹಂಗಿದ್ರ ಭಾಳ ಛಲೋ ಆತು. ಬರೂದು ಬಿಟ್ಟು ಅದರ ಮುಂದಿನ ಜುಮ್ಮಾಕ ಮಾತು ಪಕ್ಕಾ ಮಾಡ್ಲಾಕ ನಿಮ್ಮ ಮನಿಗಿ ಬರ್ತೀವಿ. ತಾರೀಕ ಆ ಕಡೀ ಟ್ರೋಫಿ ಹೆಂಗ ಸಿಗ್ತಂತ ಕಣ್ಣಿಲೆ ನೋಡ್ಲಿ."

ಮನೆಗೆ ಬಂದು ಹಾಜಿಮಲಂಗ ಹುಸ್ನಾಳಿಗೆ ವಿಷಯ ಹೇಳಿದ.

"ಯಾಕಂದಿ ಅಬ್ಬಾ?"

"ಟೈಲ್ಸ್ ಟೈಲ್ಸ್ ಅಂತ ಭಾಳ ಅಂದ, ಅವ್ವಾ."

"ಜುಮ್ಮಾದ ದಿನಾ ಬಂದು ನೋಡ್ತಾರ. ಇದು ಸುಳ್ಳ ಹೇಳೂ ಮನಿ ಅಂತ ಎದ್ದು ಹ್ವಾದ್ರಂದ್ರ ನಾ ಯಾರಿಗಿ ಮಾರಿ ತೋರಸ್ಲಿ?"

"ನೀ ಒಂದಷ್ಟು ಕೈ ಹಚ್ಚು ಮತ್ತ."

"ಹಚ್ಚಂಗಿಲ್ಲ. ಹೇಳಿದಾಂವ ನೀನು, ಹುಡುಕಾಂವ ನೀನು," ಎಂದು ಅವಳು ಟ್ಯೂಶನ್ನಿನ ಮಕ್ಕಳ ಕಡೆ ಹೋದಳು.

ಹಾಜಿಮಲಂಗ ಹುಡುಕಿದ. ಸವಾರ ಪಟ್ಟಣದ ಗಲ್ಲಿಗಲ್ಲಿ ಅಲೆದ. ರಿಮೋಟು ಎಲ್ಲೆಲ್ಲಿ ನಡುಗಿತೋ ಬಿಟ್ಟಿತೋ ಆ ಕೈಗಳಿಗೆ ತಿಳಿಯಲಿಲ್ಲ. ರಿಮೋಟನ್ನು ಗಲ್ಲಕ್ಕೆ ಒತ್ತಿ ನೋಡಿದ, ಕಂಕುಳಲ್ಲಿ ಇಟ್ಟು ನೋಡಿದ. ಕಂಕುಳಲ್ಲಿಟ್ಟಾಗ ಸವಾರ ಕುದುರೆಯ ಸಮೇತ ಹೊಳೆಗೆ ಹಾರಿದ. ನಾಲ್ಕನೆಯ ದಿನ ಬೇರೆ ದಾರಿ ಕಾಣದೆ ಹಾಜಿಮಲಂಗ ಹಳೆಯ ಕಲ್ಲು ಖಣಿಯ ದಿಬ್ಬದ ಮೇಲಿನ ದರ್ಗಾಕ್ಕೆ ಹೋದ. ದೀಪ ಸಿಕ್ಕರೆ ಗೋಧಿ, ಬೆಲ್ಲ, ತುಪ್ಪ ಕೂಡಿಸಿ ಐದು ಸೇರು ಮಾಲ್ದಿ ಮಾಡಿಸಿ ಹಂಚುತ್ತೇನೆ ಎಂದು ಮನಸ್ಸಿನಲ್ಲೇ ಬೇಡಿಕೊಂಡ.

ದರ್ಗಾದ ಮುಜಾವರ ಮಶಾಕ ಚಾಚಾ ಜಾಲರಿಗೆ ಹಸಿರು ದಾರ ಕಟ್ಟಿಸಿ ಅಲ್ಲಿನ ಕಾನೂನು ಹೇಳಿದ. "ಏನ ಬೇಡಕೊಂಡೀ ಅಂತ ಯಾರ ಮುಂದೂ ಬಾಯಿ ಬಿಡಬ್ಯಾಡ. ನನ್ನ ಮುಂದೂ ಬ್ಯಾಡ. ಆದ ಮ್ಯಾಲ ಇಲ್ಲೇ ಬಂದು ಹತ್ತ ಮಂದ್ಯಾಗ ಹೇಳಿ ಹಂಚಬೇಕು. ನಡುವ ಬಾಯಿ ಬಿಟ್ಟೆಂದ್ರ ದಾರ ಬಿಚ್ಚತದ."

ಹಾಜಿಮಲಂಗನಿಗೆ ಈ ಕಾನೂನು ಬಹಳ ಹಿಡಿಸಿತು. ಐವತ್ತರ ಗಡಿ ದಾಟಿದ ಗಂಡಸು ಗೇಮಿಗೆ ಹರಕೆ ಹೊತ್ತದ್ದು ಯಾರಿಗೂ ಹೇಳಬೇಕಾಗಿಲ್ಲ. ಆದರೆ ಕಾನೂನಿಗೆ ಎರಡು ಮಗ್ಗುಲಿರುತ್ತವೆ. ಹೇಳಬಾರದ ಹರಕೆಯನ್ನು ಕೇಳಲೂಬಾರದು. ಕೇಳಬಾರದು ಎಂದ ಮೇಲೆ ಮಂದಿ ತಾವೇ ತಿಳಿದುಕೊಳ್ಳುತ್ತಾರೆ.

ಮೊದಲು ತಿಳಿದುಕೊಂಡವಳು ಪಕ್ಕದ ಮನೆಯ ಅನಸುಬಾಯಿ. ಅವಳು ಸಕ್ಕರೆಗೆ ಫಾತಿಹಾ ಓದಿಸಲು ಅದೇ ಹೊತ್ತಿಗೆ ದರ್ಗಾಕ್ಕೆ ಬಂದಿದ್ದಳು. ಅವಳ ಮಗಳು ಪೂನಮ್ ಚಿಂಚೋಳಿಯಲ್ಲಿ ನರ್ಸು. ಶಹಾಬಾದಿಗೆ ವರ್ಗ ಕೇಳಿ ಎರಡು ವರ್ಷವಾಗಿತ್ತು. ಹಿಂದಿನ ದಿನವಷ್ಟೇ ಹಾಜಿಮಲಂಗ ನಲ್ಲಿಯ ಹತ್ತಿರ, "ಪೂನಮ್ಮಂದು ಏನಾತವಾ?" ಎಂದು ಕೇಳಿದ್ದ. ಮರುದಿನ ದಾರ. ಇನ್ನೇನು ತಿಳಿಯಬೇಕು? "ಮಂದಿ ಮಗಳ ಸಲುವಾಗಿ ದಾರ ಕಟ್ಟೂ ಮನಷಾ ಈ ಕಾಲದಾಗ ಎಲ್ಲಿ ಅದಾನ," ಎಂದು ಕಣ್ಣೊರೆಸಿಕೊಂಡು ಒಂದು ತಾಟು ಸಜ್ಜಕ ತಂದಿಟ್ಟಳು.

ಜೈತುನ್‌ಬೀಗೆ ದಾರದ ಸುದ್ದಿ ಅನಸುಬಾಯಿಯಿಂದಲೇ ಬಂತು. ಮಗಳ ಸಂಬಂಧ ಕೂಡಿ ಬರಲೆಂದು ಗಂಡ ಹರಕೆ ಹೊತ್ತಿದ್ದಾನೆ ಎಂಬುದರಲ್ಲಿ ಅವಳಿಗೆ ಸಂಶಯವೇ ಇರಲಿಲ್ಲ. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಮೊದಲ ಸಲ ಅವನನ್ನು ಬೈಯದೆ ಎಬ್ಬಿಸಿದಳು, ತಾಟಿಗೆ ಎರಡು ತತ್ತಿ ಹಾಕಿದಳು. ಹಾಜಿಮಲಂಗನಿಗೆ ಹೆದರಿಕೆಯಾಯಿತು.

ಮೂರನೆಯವರು ಫ್ಯಾಕ್ಟರಿಯ ಮಾಲಕ ಸುರೇಶಕುಮಾರ ಸಾವ್ಕಾರರು. ಚಂದಾಪುರದ ಯಾವುದೋ ಮದುವೆ ಹಾಲಿಗೆ ಹತ್ತು ಲಾರಿ ಕಲ್ಲು ಬೇಕೆಂದವನು ಎರಡು ತಿಂಗಳಿಂದ ಫೋನೆತ್ತುತ್ತಿರಲಿಲ್ಲ. ತನ್ನ ಆಳು ದಾರ ಕಟ್ಟಿದನೆಂದರೆ ತನ್ನ ಸಲುವಾಗಿಯೇ ಇರಬೇಕಲ್ಲದೆ ಇನ್ನಾರ ಸಲುವಾಗಿ? ಸಾವ್ಕಾರರು ಮಷೀನು ಬಂದ್ ಮಾಡಿಸಿ ಅವನನ್ನು ಬದಿಗೆ ಕರೆದರು.

"ಮಲಂಗ್ಯಾ, ನಾ ಏನೂ ಕೇಳಂಗಿಲ್ಲ, ನೀ ಏನೂ ಹೇಳಬ್ಯಾಡ. ಜುಮ್ಮಾ ತನಕ ಸೂಟಿ. ಪಗಾರ ಹಿಡ್ಯಂಗಿಲ್ಲ. ಮನ್ಯಾಗ ಕುಂತು ಅದಕ್ಕ ಮನಸ ಕೊಡು."

"ಯಾವುದಕ್ಕ್ರಿ ಸಾವ್ಕಾರ?"

"ನಾ ಏನೂ ಕೇಳಂಗಿಲ್ಲಂದ್ನೆಲ್ಲ," ಎಂದು ಸಾವ್ಕಾರರು ಕಣ್ಣು ಮಿಟುಕಿಸಿದರು.

ಸೂಟಿ ಸಿಕ್ಕಿತು, ಆಟ ಮಾತ್ರ ಸಿಗಲಿಲ್ಲ. ಹರಕೆ ಹೊತ್ತವನ ಮನೆಗೆ ಬಂದು ಕುಳಿತರೆ ಪುಣ್ಯ ಹತ್ತುತ್ತದೆ ಎಂದು ಓಣಿ ತೀರ್ಮಾನಿಸಿತ್ತು. ಅನಸುಬಾಯಿ ದಿನಾ ಬಂದು ಟಿವಿಯ ಮುಂದೆ ಹುಣಸೆಹಣ್ಣು ಬಿಡಿಸುತ್ತ ಕೂತಳು.

"ಮಲಂಗಣ್ಣ, ಏನ ಹುಡಕ್ಲಾಕತ್ತಿ?"

"ದೀಪ, ಅನಸವ್ವ."

"ಆ ಬೇವಿನ ಗಿಡದ ಬುಡಕ ನೋಡು. ನಮ್ಮತ್ತಿ ಎಲ್ಲಾ ಅಲ್ಲೇ ಹುಗಸ್ತಿದ್ಳು."

ಬೇವಿನ ಗಿಡದ ಬುಡದಲ್ಲಿ ಕಳ್ಳರಿದ್ದರು. ಅವರು ಸವಾರನನ್ನು ಚೆನ್ನಾಗಿ ತದುಕಿದರು. ಆ ಹೊತ್ತಿಗೆ ಸರಿಯಾಗಿ ಸಾವ್ಕಾರರೂ ಬಂದು, ನಿಂತೇ ನೋಡಿ, "ಆ ಕರೇ ಅಂಗ್ಯಾಂವ ಥೇಟ್ ನಮ್ಮ ಚಂದಾಪುರದಾಂವ ಇದ್ದಂಗ ಇದ್ದಾನ. ಅವನಿಗಿ ಇನ್ನೊಂದ ಕೊಡು," ಎಂದರು. ಹಾಜಿಮಲಂಗ ಕೊಟ್ಟ. ಸಾವ್ಕಾರರು ಹಗುರಾಗಿ ಮನೆಗೆ ಹೋದರು.

ಬುಧವಾರ ಎರಡು ಘಟನೆ ನಡೆದವು. ಬೆಳಿಗ್ಗೆ ಚಂದಾಪುರದವನು ಫೋನೆತ್ತಿ ಹತ್ತರ ಬದಲು ಹನ್ನೆರಡು ಲಾರಿ ಕಲ್ಲು ಬೇಕೆಂದ. ಮಧ್ಯಾಹ್ನ ಪೂನಮ್ಮಳ ವರ್ಗದ ಆದೇಶ ಬಂತು. ಸಂಜೆಯೊಳಗೆ ಹಾಜಿಮಲಂಗನ ಪಡಸಾಲೆಯಲ್ಲಿ ಒಂದು ಚೀಲ ಗೋಧಿ, ಎರಡು ಪೆಂಟಿ ಬೆಲ್ಲ, ಒಂದು ಡಬ್ಬಿ ತುಪ್ಪ ಬಂದು ಬಿದ್ದವು. ಮಶಾಕ ಚಾಚಾನಿಗೆ ಸುದ್ದಿ ಮುಟ್ಟಿತು. ಶುಕ್ರವಾರ ನಾಲ್ಕು ಗಂಟೆಗೆ ಮಾಲ್ದಿ ಎಂದು ನಿಗದಿಯಾಯಿತು.

"ನನ್ನ ಹರಕಿ ಇನ್ನಾ ಆಗಿಲ್ಲ," ಎಂದ ಹಾಜಿಮಲಂಗ ಕ್ಷೀಣವಾಗಿ.

"ನಂಗೊತ್ತು," ಎಂದಳು ಜೈತುನ್‌ಬೀ ಕಣ್ಣು ತುಂಬಿಕೊಂಡು. "ನಮ್ಮದೂ ಜುಮ್ಮಾಕ ಆಗ್ತದ."

ಪ್ರಪಂಚದಲ್ಲಿ ಹರಕೆ ತೀರುವ ಮುಂಚೆ ಮಾಲ್ದಿ ತಯಾರಾದದ್ದು ಅದೇ ಮೊದಲು ಇರಬೇಕು. ಶುಕ್ರವಾರ ಬೀಗರು ಬಂದು ಡಬ್ಬಿ ನೋಡುತ್ತಾರೆ. ಅದಾದ ಮೇಲೆ ಹತ್ತು ಮಂದಿಯ ಮುಂದೆ ಹರಕೆ ಹೇಳಬೇಕು. ನಲವತ್ತನೆಯ ದೀಪ ಮಾತ್ರ ಎಲ್ಲಿತ್ತೋ ಅಲ್ಲೇ ಇತ್ತು.

ಗುರುವಾರ ಮಧ್ಯಾಹ್ನ. ಬಿಸಿಲಿಗೆ ಓಣಿಯ ನಾಯಿಗಳೂ ಬಾಯಿ ಮುಚ್ಚಿದ್ದವು. ಹೆಂಗಸರೆಲ್ಲ ಗೋಧಿ ಹಸನು ಮಾಡಲು ಅನಸುಬಾಯಿಯ ಮನೆಗೆ ಹೋಗಿದ್ದರು. ಹಾಜಿಮಲಂಗ ಗೋಡೆಗೆ ಒರಗಿ ಸವಾರನನ್ನು ನಡೆಸುತ್ತ ಕೂತ. ನದಿ ಹರಿಯುತ್ತಿತ್ತು. ಸವಾರ ದಂಡೆಗುಂಟ ನಡೆದ, ನಡೆಯುತ್ತಲೇ ಇದ್ದ. ಹಾಜಿಮಲಂಗನ ಕಣ್ಣು ಯಾವಾಗ ಮುಚ್ಚಿತೋ ಗೊತ್ತಿಲ್ಲ, ಹೆಬ್ಬೆರಳು ಮಾತ್ರ ಒತ್ತಿದಲ್ಲೇ ಇತ್ತು.

ಈಗ ಕುದುರೆಯ ಮೇಲೆ ಅವನೇ ಇದ್ದ. ಪಟ್ಟಣ ಹಿಂದೆ ಬಿತ್ತು. ಸೂರ್ಯ ಒಲೆಯಲ್ಲಿನ ಕೆಂಡದಂತೆ ಮೆತ್ತಗಾಗಿದ್ದ. ನದಿ ಒಮ್ಮೆ ಕಾಗಿಣಾ ಆಯಿತು, ಒಮ್ಮೆ ಬರಿ ಬೆಳಕಾಯಿತು. ಮಳಖೇಡದ ಕೋಟೆ ನೀರಿನಲ್ಲಿ ತಲೆಕೆಳಗಾಗಿ ತೇಲಿತು. ದಂಡೆಯ ಮೇಲೆ ಅವನು ಇಪ್ಪತ್ತಾರು ವರ್ಷ ಪಾಲಿಶ್ ಮಾಡಿ ಕಳಿಸಿದ ಕಲ್ಲುಗಳೆಲ್ಲ ಸಾಲಾಗಿ ಹಾಸಿದ್ದವು. ಕುದುರೆ ಅವುಗಳ ಮೇಲೆ ಕಾಲಿಟ್ಟಾಗೆಲ್ಲ ಒಂದೊಂದು ಕಲ್ಲು ತನ್ನ ದನಿಯಲ್ಲಿ ಮಾತಾಡುತ್ತಿತ್ತು. ಎಲ್ಲಿಂದಲೋ ಒಂದು ಜೇನು ಹಾಡತೊಡಗಿತು. ಗುಂಯ್... ಗುಂಯ್... ಮೊದಲು ದೂರ, ಆಮೇಲೆ ಹತ್ತಿರ, ಆಮೇಲೆ ಕಿವಿಯಲ್ಲೇ.

ಹಾಜಿಮಲಂಗ ಕಣ್ಣು ಬಿಟ್ಟ. ಅವನು ನೆಲಕ್ಕೆ ಉರುಳಿದ್ದ. ಕಿವಿ ನೆಲಕ್ಕೆ ಹತ್ತಿತ್ತು. ರಿಮೋಟು ಕೈಯಿಂದ ಜಾರಿ ಹಾಸುಗಲ್ಲಿನ ಮೇಲೆ ಬಿದ್ದು ನಡುಗುತ್ತಿತ್ತು. ಕಲ್ಲು ಹಾಡುತ್ತಿತ್ತು.

ಕಲ್ಲಿನವನಿಗೆ ಇದು ಹೊಸದಲ್ಲ. ಕಲ್ಲು ಗಟ್ಟಿಯೋ ಬಿರುಕೋ ಎಂಬುದನ್ನು ಬೆರಳಿನಿಂದ ಬಡಿದು ಕಿವಿಯಿಂದಲೇ ಹೇಳುತ್ತಾರೆ. ಬಿರುಕು ಬಿಟ್ಟದ್ದು ಬೊದ್ದ ಎನ್ನುತ್ತದೆ, ಗಟ್ಟಿಯಾದದ್ದು ಗಣ್ ಎನ್ನುತ್ತದೆ. ಹದಿನೈದು ದಿನ ಬೆರಳಿಗೆ ಕೇಳಿದ್ದನ್ನು ಕಿವಿಗೆ ಕೇಳಬೇಕೆಂದು ಮಾತ್ರ ಅವನಿಗೆ ಹೊಳೆದಿರಲಿಲ್ಲ.

ಅವನು ನೆಲದ ಮೇಲೆ ಹಾಗೇ ಮಲಗಿ, ರಿಮೋಟನ್ನು ಕಲ್ಲಿನ ಮೇಲಿಟ್ಟು, ಒಂದೇ ಬೆರಳಿನಿಂದ ಸವಾರನನ್ನು ಗೇಣು ಗೇಣಾಗಿ ಸರಿಸಿದ. ಎಡಕ್ಕೆ ದನಿ ಇಳಿಯಿತು. ಬಲಕ್ಕೆ ಏರಿತು. ಅಷ್ಟರಲ್ಲಿ ಮೊರ ಒಯ್ಯಲು ಬಂದ ಜೈತುನ್‌ಬೀ ಬಾಗಿಲಲ್ಲೇ ನಿಂತಳು.

"ಏನ ಆಗ್ಯಾದರಿ ನಿಮಗ?"

"ಶ್. ಕಲ್ಲು ಮಾತಾಡ್ಲಾಕತ್ತದ."

ಜೈತುನ್‌ಬೀ ಬಿಸ್ಮಿಲ್ಲಾ ಹೇಳಿ, ಮೊರ ಅಲ್ಲೇ ಬಿಟ್ಟು, ಬೆನ್ನು ತೋರಿಸದೆ ಹಿಂದಕ್ಕೆ ಸರಿದು ಹೋದಳು. ಐದೇ ನಿಮಿಷದಲ್ಲಿ, ಯಾರೂ ಕೂರದ ಒಂದು ಹಳೆಯ ದೋಣಿಕಟ್ಟೆಯ ಕೆಳಗೆ ಸವಾರ ಅಗೆದ. ಮಣ್ಣಿನೊಳಗಿಂದ ಒಂದು ದೀಪ ಹೊತ್ತಿಕೊಂಡೇ ಮೇಲೆದ್ದಿತು. ಇಡೀ ಪಟ್ಟಣದ ಕಿಟಕಿಗಳಲ್ಲಿ ಒಂದೊಂದಾಗಿ ಬೆಳಕು ಬಂತು. ಹಾಜಿಮಲಂಗ ಕಿವಿ ಎತ್ತದೆ ನೋಡಿದ. ಐವತ್ತೊಂದು.

ಶುಕ್ರವಾರ ನಮಾಜಿನ ನಂತರ ಬೀಗರು ಬಂದರು. ಹಾಜಿಮಲಂಗ ಮದುಮಗನಂತೆ ಇಸ್ತ್ರಿ ಅಂಗಿ ತೊಟ್ಟಿದ್ದ. ಮತೀನ ಸಾಹೇಬರು ಕೂತವರೇ, "ತಾರೀಕ, ನೋಡಿ ಕಲಿ," ಎಂದರು. ಹಾಜಿಮಲಂಗ ಗತ್ತಿನಿಂದ ಟ್ರೋಫಿಗಳ ಪಟ್ಟಿ ತೆರೆದ.

ಆ ಡಬ್ಬಿಗೆ ಒಂದು ಕೆಟ್ಟ ಚಾಳಿ ಇತ್ತು. ಅದು ಪ್ರತಿ ಟ್ರೋಫಿಯ ಬದಿಗೆ ಸಿಕ್ಕ ದಿನ, ತಾಸು, ನಿಮಿಷವನ್ನೂ ಬರೆದಿಡುತ್ತಿತ್ತು. ಐವತ್ತೊಂದನೆಯದರ ಬದಿಗೆ ನಿನ್ನೆಯ ತಾರೀಖು, ಮೂರು ಗಂಟೆ ನಲವತ್ತು ನಿಮಿಷ ಎಂದಿತ್ತು. ಸೇಡಮಿನಲ್ಲಿ ಮಾತಾಡಿ ಹದಿನೈದು ದಿನವಾಗಿತ್ತು. ಬಾಗಿಲ ಸಂದಿಯಿಂದ ನೋಡುತ್ತಿದ್ದ ಹುಸ್ನಾ ಕಣ್ಣು ಮುಚ್ಚಿಕೊಂಡಳು. ತಾರೀಕ ಆ ಸಾಲನ್ನು ಓದಿದ, ಇನ್ನೊಮ್ಮೆ ಓದಿದ. ಹಾಜಿಮಲಂಗನ ಮುಖ ನೋಡಿದ.

"ಏನದ? ಬರೋಬರಿ ಅದನು?" ಎಂದರು ಕನ್ನಡಕ ಮರೆತು ಬಂದಿದ್ದ ಮತೀನ ಸಾಹೇಬರು.

"ಬರೋಬರಿ ಅದ, ಅಬ್ಬಾಜಾನ್. ಐವತ್ತೊಂದೂ ಅವ," ಎಂದ ತಾರೀಕ. ಟಿವಿ ತಾನೇ ಆರಿಸಿದ.

ಹಾಜಿಮಲಂಗ ಬದುಕಿದ. ಆದರೆ ಬದುಕಿದವನಿಗೆ ಕೂತಲ್ಲಿ ಕೂಡಲಾಗಲಿಲ್ಲ. ಪರರ ಮಗ ತನ್ನ ಸುಳ್ಳನ್ನು ಕಾಯ್ದನಲ್ಲ ಎಂಬುದು ಕಾಲಿನೊಳಗೆ ಮುರಿದ ಮುಳ್ಳಿನಂತೆ ಚುಚ್ಚುತ್ತಿತ್ತು.

ನಾಲ್ಕು ಗಂಟೆಗೆ ದಿಬ್ಬದ ಮೇಲೆ ಬೀಗರ ಸಮೇತ ಓಣಿಯೇ ನೆರೆದಿತ್ತು. ಮಾಲ್ದಿಯ ಪರಾತದಿಂದ ತುಪ್ಪದ ವಾಸನೆ ಏಳುತ್ತಿತ್ತು. ಮಶಾಕ ಚಾಚಾ ದಾರ ಬಿಚ್ಚಿ, "ಈಗ ಹೇಳಪಾ. ಏನ ಬೇಡಕೊಂಡಿದ್ದಿ?" ಎಂದ. ಅನಸುಬಾಯಿ ಸೆರಗು ಹೊದ್ದುಕೊಂಡು ಮುಂದೆ ಬಂದಳು. ಸಾವ್ಕಾರರು ಅಂಗಿಯ ಗುಂಡಿ ಸರಿಮಾಡಿಕೊಂಡರು. ಜೈತುನ್‌ಬೀ ಬೀಗರ ಕಡೆ ನೋಡಿ ನಕ್ಕಳು.

"ಗೇಮಿನಾಗಿನ ದೀಪ ಬೇಡಕೊಂಡಿದ್ದೆ," ಎಂದ ಹಾಜಿಮಲಂಗ. "ಸೇಡಂದಾಗ ಬೀಗರ ಮುಂದ ಐವತ್ತೊಂದ ಆಗ್ಯಾವಂತ ಸುಳ್ಳ ಹೇಳಿದ್ದೆ. ಆಗ ಐವತ್ತೇ ಇದ್ವು. ನನ್ನ ಸುಳ್ಳ ಖರೇ ಆಗ್ಲಿ ಅಂತ ದಾರ ಕಟ್ಟಿದೆ. ನಿನ್ನಿ ಆತು. ಇಷ್ಟೇ."

ಅನಸುಬಾಯಿ ಮೂಗಿನ ಮೇಲೆ ಬೆರಳಿಟ್ಟಳು. "ನೋಡ್ರವಾ, ಮಾಡಿದ್ದು ಹೇಳಬಾರ್ದಂತ ಹೆಂಥಾ ಕತಿ ಕಟ್ಟಲಾಕತ್ತಾನ."

"ಎಡಗೈಗಿ ಗೊತ್ತಾಗದಂಗ ಬಲಗೈ ಕೊಡೋದಂದ್ರ ಇದೇ," ಎಂದರು ಸಾವ್ಕಾರರು ಗದ್ಗದರಾಗಿ.

"ಖರೇನೇ ಹೇಳ್ಲಾಕತ್ತೀನ್ರಿ," ಎಂದ ಹಾಜಿಮಲಂಗ. ಎಷ್ಟು ಹೇಳಿದನೋ ಅಷ್ಟು ದೊಡ್ಡವನಾದ. ಕೊನೆಗೆ ಮಶಾಕ ಚಾಚಾನ ಕಡೆ ತಿರುಗಿ, "ಚಾಚಾ, ನೀನರೆ ನಂಬು," ಎಂದ.

"ನಾ ನಂಬ್ತೀನಿ," ಎಂದ ಚಾಚಾ ಪರಾತಕ್ಕೆ ಕೈ ಹಾಕುತ್ತ. "ಸಣ್ಣ ಹರಕಿ ದೊಡ್ಡ ಹರಕಿ ಅಂತ ತೂಗಲಾಕ ಇಲ್ಲಿ ತಕ್ಕಡಿ ಇಟ್ಟಿಲ್ಲ. ತುಪ್ಪ ಛಲೋ ಬಿದ್ದದ."

ಮತೀನ ಸಾಹೇಬರೂ ನಂಬಿದ್ದರು. ಅವರ ಹುಬ್ಬು ಗಂಟಾಗಿತ್ತು. "ಅಂದ್ರ ನಮ್ಮ ಮನ್ಯಾಗ ಕುಂತು ಸುಳ್ಳ ಹೇಳಿದ್ರಿ," ಎಂದು ಎದ್ದರು. ಜೈತುನ್‌ಬೀಯ ನಗು ಅರ್ಧಕ್ಕೇ ನಿಂತಿತು.

ಆಗ ತಾರೀಕ ಬಾಯಿ ಬಿಟ್ಟ. ಅವನು ಅಷ್ಟು ಮಂದಿಯಲ್ಲಿ ಮಾತಾಡಿದ್ದು ಅದೇ ಮೊದಲಂತೆ.

"ಅಬ್ಬಾಜಾನ್, ನಂದು ಐವತ್ತ ಆಗಿಲ್ಲ. ಹನ್ನೊಂದ ಆಗ್ಯಾವ. ನೀವು ದಿನಾ ಎಷ್ಟ ಆದ್ವು ಎಷ್ಟ ಆದ್ವು ಅಂತೀರಿ. ಸುಮ್ಮ ಒಂದೊಂದ ಏರಿಸಿ ಹೇಳ್ತಿದ್ದೆ."

ಮತೀನ ಸಾಹೇಬರು ಮಗನನ್ನು ನೋಡಿದರು, ಬೀಗನನ್ನು ನೋಡಿದರು. ಯಾರಿಗೆ ಮೊದಲು ಬೈಯಬೇಕೆಂದು ತಿಳಿಯದೆ ನಿಂತರು. ಹೆಂಗಸರ ಗುಂಪಿನಿಂದ ಹುಸ್ನಾಳ ದನಿ ಬಂತು. "ಎರಡೂ ಮನ್ಯಾಗ ಒಬ್ಬೊಬ್ಬ ಸುಳ್ಳ ಅದಾನ. ಇಬ್ರೂ ತಾವೇ ಒಪ್ಪಿಕೊಂಡಾರ. ನಂಗ ಈ ಸಂಬಂಧ ಒಪ್ಪಿಗಿ ಅದ, ಮಶಾಕ ಚಾಚಾ. ಮೊದ್ಲ ಮಾಲ್ದಿ ಹಂಚ್ರಿ."

ಮಾಲ್ದಿ ಹಂಚಿಕೆಯಾಯಿತು. ಮತೀನ ಸಾಹೇಬರು ಮೊದಲ ಹಿಡಿ ಸಿಟ್ಟಿನಿಂದ ತಿಂದರು, ಎರಡನೆಯದನ್ನು ಕೇಳಿ ಹಾಕಿಸಿಕೊಂಡರು. ಗದ್ದಲದಲ್ಲಿ ತಾರೀಕ ಹಾಜಿಮಲಂಗನ ಬದಿಗೆ ಸರಿದು ಕೂತ.

"ಮಾಮಾ, ಆ ದೀಪ ಹೆಂಗ ಸಿಕ್ತು? ನನಗ ಒಂದೂ ಸಿಗವಲ್ದು. ನಾ ದಿನಾ ಟೈಲ್ಸ್ ಕಟ್ಟರ್ ಹಿಡೀತೀನಿ. ಕೈಗಿ ಏನೂ ಹತ್ತಂಗಿಲ್ಲ."

ಹಾಜಿಮಲಂಗ ಹುಡುಗನ ಅಂಗೈಯನ್ನು ತನ್ನ ಅಂಗೈಯಲ್ಲಿ ತೆಗೆದುಕೊಂಡ. ಎರಡಕ್ಕೂ ಒಂದನ್ನೊಂದು ಮುಟ್ಟಿದ್ದು ಸರಿಯಾಗಿ ತಿಳಿಯಲಿಲ್ಲ. "ಕಲ್ಲಿನ ಮ್ಯಾಲ ಇಟ್ಟು ಕಿವಿ ಹಚ್ಚು," ಎಂದ ಮೆಲ್ಲಗೆ.

"ನಮ್ಮ ಮನ್ಯಾಗ ಎಲ್ಲಾ ಟೈಲ್ಸ್ ಅವ್ರಿ."

"ಟೈಲ್ಸ್ ಮಾತಾಡಂಗಿಲ್ಲ. ಇರ್ಲಿ, ನಾ ತರ್ತೀನಿ."

ಮುಂದಿನ ಆದಿತ್ಯವಾರ ಹಾಜಿಮಲಂಗ ವಾಡಿಯಲ್ಲಿ ಗಾಡಿ ಬದಲಿಸಿ ಕಿಟಕಿಯ ಬದಿಗೆ ಕೂತ. ತೊಡೆಯ ಮೇಲೆ ಗೋಣಿಚೀಲದಲ್ಲಿ ಸುತ್ತಿದ ಎರಡಡಿಯ ಹಾಸುಗಲ್ಲು. ಅವನೇ ಆರಿಸಿದ್ದು, ಬಡಿದರೆ ಗಣ್ ಎನ್ನುವಂಥದ್ದು.

"ಏನ್ರಿ ಅದು?" ಎಂದ ಎದುರಿಗೆ ಕೂತವನು.

"ಅಳಿಯಗ ಕಿವಿ ಒಯ್ಲಾಕತ್ತೀನಿ," ಎಂದ ಹಾಜಿಮಲಂಗ. ಎದುರಿಗೆ ಕೂತವನು ಸ್ವಲ್ಪ ದೂರ ಸರಿದು ಕೂತ.

ಚಿತ್ತಾಪುರ ಹೋಯಿತು. ಗಾಡಿಯ ನಡುಕ ಕಲ್ಲಿಗೆ ಏರಿ, ಕಲ್ಲು ಸಣ್ಣಗೆ ಹಾಡತೊಡಗಿತು. ಹಾಜಿಮಲಂಗ ಅದರ ಮೇಲೆ ತಲೆಯಿಟ್ಟ. ಕುದುರೆ ಬಂತು, ನದಿ ಬಂತು, ಪಟ್ಟಣದ ಕಿಟಕಿಗಳಲ್ಲಿ ದೀಪ ಹೊತ್ತಿದವು. ಸೇಡಂ ಬಂತು, ಎರಡು ನಿಮಿಷ ನಿಂತಿತು, ಹೋಯಿತು. ಬಹಳ ಹೊತ್ತಿನ ನಂತರ ಕಿಸೆಯಲ್ಲಿ ಫೋನು ಬಡಿದುಕೊಂಡಿತು.

"ಮಾಮಾ, ಟೇಶನ್ನಿಗಿ ಬಂದು ನಿಂತೀನಿ. ಗಾಡಿ ಬಂದು ಹೋತು. ಎಲ್ಲಿ ಅದೀರಿ?"

ಹಾಜಿಮಲಂಗ ಅರೆಗಣ್ಣು ಬಿಟ್ಟ. ಕಿಟಕಿಯಾಚೆ ದೂರದಲ್ಲಿ ನೀರು ಹೊಳೆಯುತ್ತಿತ್ತು. ದಂಡೆಯಲ್ಲಿ ಒಂದು ಕುದುರೆ ಹುಲ್ಲು ಮೇಯುತ್ತಿತ್ತು, ಅಥವಾ ಅದು ಎಮ್ಮೆಯೂ ಇದ್ದೀತು.

"ನದಿ ದಂಡಿಗಿ ಅದೀನಿ," ಎಂದ. "ಹುಡುಕ್ಯಾಡ್ಕೋಂತ ಬಾ."